ಇತರೆ ವಿಭಾಗದ ಕುದುರೆ

ಜಾನುವಾರು ಪ್ರದರ್ಶನದ ಅರ್ಜಿಯಲ್ಲಿ ‘ತಳಿ’ ಎಂಬ ಕಲಮಿನ ಎದುರು ನಾನು ‘ವಿಚಾರಣೆಯಲ್ಲಿದೆ’ ಎಂದು ಬರೆದೆ. ಎಂಟು ವರ್ಷ ಶಾಲೆಯ ದಾಖಲಾತಿ ಪುಸ್ತಕ ತುಂಬಿದ ಮೇಷ್ಟ್ರ ಕೈ; ಖಾಲಿ ಬಿಡಲು ಒಪ್ಪಲಿಲ್ಲ. ‘ಎಷ್ಟನೇ ಕರು’, ‘ದಿನಕ್ಕೆ ಹಾಲು ಎಷ್ಟು’ ಎಂಬ ಕಲಮುಗಳಿಗೂ ನನ್ನಲ್ಲಿ ಉತ್ತರವಿರಲಿಲ್ಲ. ನಾನು ಒಯ್ಯಲಿದ್ದುದು ಕುದುರೆಯನ್ನು. ಕುದುರೆ ಎಂದರೂ ಸ್ವಲ್ಪ ಹೆಚ್ಚಾಯಿತು. ಅದು ತಟ್ಟು, ನನ್ನ ಎದೆಯೆತ್ತರದ ಗಿಡ್ಡ ಕುದುರೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಮನೆ ಕೊಪ್ಪದಿಂದ ಎರಡು ಮೈಲಿ, ನನ್ನ ಶಾಲೆ ಗುಡ್ಡದ ಆಚೆ. ಆ ಏರಿನಲ್ಲಿ ಸೈಕಲ್ಲು ನನ್ನನ್ನು ಹೊತ್ತದ್ದಕ್ಕಿಂತ ನಾನು ಸೈಕಲ್ಲನ್ನು ಹೊತ್ತದ್ದೇ ಹೆಚ್ಚು. ಹಾಗಿರುವಾಗ ನರಸಿಂಹರಾಜಪುರದ ಬಸ್ ಸ್ಟ್ಯಾಂಡಿನಲ್ಲಿ ಜಟಕಾ ಇಟ್ಟಿದ್ದ ಸಾಬರು ಗಾಡಿ ಹೊಡೆಯುವುದನ್ನೇ ಬಿಟ್ಟು ಕುದುರೆ ಮಾರುತ್ತಾರಂತೆ ಎಂದು ಕೇಳಿ, ಹೋಗಿ ತಟ್ಟುವನ್ನು ಹಿಡಿದುಕೊಂಡು ಬಂದೆ. ಹೊರಡುವ ಮುಂಚೆ, ತಿಳಿದವನ ಹಾಗೆ ಗಂಟಲು ಸರಿಮಾಡಿಕೊಂಡು, “ಇದು ಯಾವ ತಳಿ ಸಾಬ್ರೆ?” ಎಂದು ಕೇಳಿದ್ದೆ.

“ತಾಯಿ ನಮ್ದೇ ಗಾಡಿ ಎಳೀತಿತ್ತು ಮೇಷ್ಟ್ರೆ. ತಂದೆ ವಿಷಯ ನಾನು ಕೇಳಲಿಲ್ಲ, ಅದೂ ಹೇಳಲಿಲ್ಲ” ಎಂದರು ಸಾಬರು.

ಅಷ್ಟಕ್ಕೇ ನನಗೆ ತೃಪ್ತಿಯಾಗಿತ್ತು. ಅಮ್ಮನಿಗೆ ಆಗಲಿಲ್ಲ.

“ಕೊಟ್ಟಿಗೆಯಲ್ಲಿರೋ ಒಂದೊಂದು ದನದ ಅಜ್ಜಿ ಯಾರು, ಮುತ್ತಜ್ಜಿ ಯಾರು ಅಂತ ನಂಗೆ ಗೊತ್ತು. ಇದು ಎಂತದು ಮಾಣಿ?”

“ಕುದುರೆ ಅಮ್ಮ.”

“ಅದು ಕಾಣ್ತದೆ. ಯಾರ ಪೈಕಿ?”

ಹೆಣ್ಣು ನೋಡಲು ಹೋದಾಗಲೂ ಅಮ್ಮ ಇಷ್ಟು ಕೂಲಂಕಷವಾಗಿ ವಿಚಾರಿಸಿದ್ದನ್ನು ನಾನು ಕಂಡಿರಲಿಲ್ಲ. ಕಡೆಗೆ ತೀರ್ಪಾಯಿತು: ತಿಳಿದವರು ಯಾರಾದರೂ ಇದು ಇಂಥದ್ದು ಎಂದು ಹೇಳುವವರೆಗೆ ತಟ್ಟುವಿಗೆ ಕೊಟ್ಟಿಗೆಯೊಳಗೆ ಜಾಗವಿಲ್ಲ, ಸೌದೆಯ ಮಾಡಿನ ಕೆಳಗೆ ಇರಲಿ. ಮಳೆಗಾಲ ಹಿಡಿಯುವುದರೊಳಗೆ ಯಾರೂ ಹೇಳದಿದ್ದರೆ ಸಾಬರ ಮನೆಗೆ ವಾಪಸ್ಸು.

ತಿಳಿದವರಿಗೆ ಬರವಿರಲಿಲ್ಲ. ಒಬ್ಬರು ಕಿವಿ ಹಿಡಿದು ನೋಡಿ ಇದು ಉತ್ತರದ ಕಡೆಯದು ಎಂದರು. ಇನ್ನೊಬ್ಬರು ಗೊರಸು ನೋಡಿ ಘಟ್ಟದ ಕೆಳಗಿನದು ಎಂದರು. ಹಣೆಯ ಸುಳಿ ನೋಡಿದ ಮೂರನೆಯವರು ಏನನ್ನೂ ಹೇಳದೆ ನನ್ನ ಜಾತಕ ಕೇಳಿದರು. ದಿನ ಕಳೆದಂತೆ ನನಗೆ ತಟ್ಟುವಿನ ಬಗ್ಗೆ ಗೊತ್ತಿದ್ದದ್ದೂ ಗೊತ್ತಿಲ್ಲವಾಗತೊಡಗಿತು. ಅದು ಮಾತ್ರ ಬೆಳಿಗ್ಗೆ ನನ್ನ ಹೆಜ್ಜೆ ಕೇಳಿದರೆ ಸೌದೆಯ ಮರೆಯಿಂದ ಮೂತಿ ಹೊರಗೆ ಹಾಕುತ್ತಿತ್ತು. ಕಳಿಸುವ ಮಾತು ಬಂದಾಗಲೆಲ್ಲ ನನಗೆ ಊಟ ರುಚಿಸುತ್ತಿರಲಿಲ್ಲ.

ಕೊಪ್ಪದಲ್ಲಿ ಜಾನುವಾರು ಪ್ರದರ್ಶನವೆಂದು ನೋಟೀಸು ಬಂದದ್ದು ಆಗ. ತೀರ್ಪುಗಾರರು ಶೃಂಗೇರಿ ಕಡೆಯ ಹಿರಿಯ ಪಶುವೈದ್ಯರಂತೆ. ಅವರಿಗಿಂತ ತಿಳಿದವರು ಯಾರಿದ್ದಾರೆ ಎಂದು ಅರ್ಜಿ ಹಾಕಿದೆ. ಅವರೂ ಹೇಳದಿದ್ದರೆ ಮಳೆಗಾಲದವರೆಗೆ ಕಾಯುವುದೇ ಬೇಡ ಎಂದಳು ಅಮ್ಮ. ಕುದುರೆಗೆಂದು ವಿಭಾಗವಿಲ್ಲದ್ದರಿಂದ ಗುಮಾಸ್ತರು ನಮ್ಮನ್ನು ‘ಇತರೆ’ಗೆ ಸೇರಿಸಿದರು. ಅಲ್ಲಿ ನಮ್ಮ ಪ್ರತಿಸ್ಪರ್ಧಿಗಳು ಒಂದು ಮೊಲ ಮತ್ತು ಒಂದು ಜೊತೆ ಟರ್ಕಿ ಕೋಳಿ.

ಕುದುರೆಯನ್ನು ಪ್ರದರ್ಶನಕ್ಕೆ ಸಿಂಗರಿಸುವುದು ಹೇಗೆಂದು ನನಗೂ ಗೊತ್ತಿರಲಿಲ್ಲ, ಊರಿಗೂ ಗೊತ್ತಿರಲಿಲ್ಲ. ಸೀಗೆಪುಡಿ ಹಾಕಿ ತಿಕ್ಕಿ ತೊಳೆದು, ನಾನು ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಅಮ್ಮ ತಟ್ಟುವಿನ ಪಕ್ಕ ನಿಂತಿದ್ದಳು. ಒಂದು ಕೈಯಲ್ಲಿ ಕಲಸಿದ ಜೇಡಿಯ ಬೋಗುಣಿ, ಇನ್ನೊಂದರಲ್ಲಿ ಹಿತ್ತಾಳೆಯ ಲೋಟ. ಗೋಪೂಜೆಯ ದಿನ ಮನೆಯ ದನಗಳಿಗೆ ಮಾಡುವ ಹಾಗೆ, ಲೋಟದ ಬಾಯಿಯನ್ನು ಬಿಳಿಮಣ್ಣಿನಲ್ಲಿ ಅದ್ದಿ ಅದ್ದಿ, ಕಂದು ಮೈಯ ತುಂಬ ಉಂಗುರ ಒತ್ತಿಬಿಟ್ಟಿದ್ದಳು. ಕುತ್ತಿಗೆಗೆ ಅಡಿಕೆಯ ಸರ, ಚೆಂಡುಹೂವಿನ ಮಾಲೆ.

“ಇದು ಎಂತ ಅಮ್ಮ?”

“ಬೋಳು ಮೈಯಲ್ಲಿ ಕಳಿಸೂಕೆ ಆಗ್ತದಾ? ನಾಲ್ಕು ಜನ ಸೇರೋ ಜಾಗ.”

ಅಳಿಸುವಷ್ಟು ಧೈರ್ಯವಾಗಲೀ ಸಮಯವಾಗಲೀ ನನಗಿರಲಿಲ್ಲ. ದಾರಿಯಲ್ಲಿ ತಟ್ಟು ಹೂವಿನ ಮಾಲೆಯನ್ನು ಸಾವಕಾಶವಾಗಿ ತಿಂದು ಮುಗಿಸಿತು.

ಮೈದಾನದಲ್ಲಿ ಪಶುವೈದ್ಯರು ಕನ್ನಡಕ ಒರೆಸಿಕೊಂಡು ಒಂದು ಸುತ್ತು ಬಂದರು. ಅರ್ಜಿ ನೋಡಿದರು.

“ಎಂತ ಮೇಷ್ಟ್ರೆ, ವಿಚಾರಣೆ ಮುಗೀತಾ?”

“ತಾವೇ ಮುಗಿಸಬೇಕು ಸಾರ್. ಇವತ್ತು ತಾವು ಒಂದು ಮಾತು ಹೇಳದಿದ್ದರೆ ಇದಕ್ಕೆ ಮನೆಯಿಲ್ಲ.”

ಅವರು ಬಾಯಿ ಬಿಡಿಸಿ ಹಲ್ಲು ನೋಡಿದರು, ಕಾಲು ಸವರಿದರು. “ಕಿವಿ ನೋಡಿದ್ರೆ ಒಂದು ಅನ್ನಿಸ್ತದೆ, ಕಾಲು ನೋಡಿದ್ರೆ ಇನ್ನೊಂದು. ಎರಡನ್ನೂ ಒಟ್ಟಿಗೆ ನೋಡಬಾರದು ಮಾರಾಯ್ರೆ. ಎಲ್ಲಿ, ಸ್ವಲ್ಪ ಓಡಿಸಿ.”

ನಾನು ಪಂಚೆ ಎತ್ತಿಕಟ್ಟಿ, ಹಗ್ಗ ಹಿಡಿದು ಓಡಿದೆ. ಸ್ವಲ್ಪ ದೂರ ಓಡಿದ್ದು ನಾನೊಬ್ಬನೇ ಎಂಬುದು ಜನರ ನಗೆಯಿಂದ ತಿಳಿಯಿತು. ಹಗ್ಗ ಕೈಯಲ್ಲಿತ್ತು, ಕುದುರೆ ನಿಂತಲ್ಲೇ ನಿಂತು ಅದರ ಇನ್ನೊಂದು ತುದಿಯಿಂದ ಬಿಡಿಸಿಕೊಂಡಿತ್ತು. ಅದೇ ಹೊತ್ತಿಗೆ ರಸ್ತೆಯಲ್ಲಿ ಬಸ್ಸೊಂದು ಹಾರನ್ ಹೊಡೆಯಿತು. ತಟ್ಟು ಕಿವಿ ನಿಮಿರಿಸಿತು. ಆಮೇಲೆ ಅದು ಓಡಿದ ಚೆಂದವನ್ನು ಏನೆಂದು ಹೇಳಲಿ! ತೀರ್ಪುಗಾರರನ್ನು, ಮೊಲವನ್ನು, ಟರ್ಕಿ ಕೋಳಿಗಳನ್ನು ದಾಟಿ, ಬಸ್ಸಿನ ಹಿಂದೆಯೇ ಹೋಗಿ, ಬಸ್ ಸ್ಟ್ಯಾಂಡಿನಲ್ಲಿ ಅದರ ಬಾಗಿಲ ಪಕ್ಕ, ಗಾಡಿ ಹಿಂದೆ ಇದೆಯೆಂಬಂತೆ ಗಂಭೀರವಾಗಿ ನಿಂತಿತು. ಇಳಿದ ಪ್ರಯಾಣಿಕರೊಬ್ಬರು ನನ್ನನ್ನು, “ಬಾಡಿಗೆಗೆ ಬತ್ತದಾ?” ಎಂದು ಕೇಳಿದರು. ಹಿಂದೆಯೇ ಓಡಿ ಬಂದ ಏದುಸಿರಿನಲ್ಲಿ “ಶನಿವಾರ ಅರ್ಧ ದಿನ ಶಾಲೆ” ಎಂದೆ.

ಬಹುಮಾನ ಟರ್ಕಿ ಕೋಳಿಗಳಿಗೆ ಹೋಯಿತು. ಪಶುವೈದ್ಯರು ನನ್ನ ಕಾಗದದ ಮೇಲೆ ಬರೆದುಕೊಟ್ಟರು: ‘ಆರೋಗ್ಯ: ಉತ್ತಮ. ಬಣ್ಣ: ಕಂದು, ಬಿಳಿ ಉಂಗುರಗಳು. ತಳಿ: ಹೇಳಲಾಗದು.’

ಮಧ್ಯಾಹ್ನದ ಬಿಸಿಲಲ್ಲಿ ಎರಡು ಮೈಲಿ ನಡೆದು ಬಂದೆವು. ಅಮ್ಮ ಜಗಲಿಯಲ್ಲೇ ಕಾಯುತ್ತಿದ್ದಳು.

“ಎಂತ ಅಂದ್ರು?”

ಕಾಗದ ಓದಿ ಹೇಳಿದೆ. “ನಾಳೆ ನರಸಿಂಹರಾಜಪುರಕ್ಕೆ ಹೋಗಿ ಬಿಟ್ಟು ಬತ್ತೆ” ಎಂದೆ. ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡೆ.

“ಯಾವುದನ್ನ?”

“ಇದನ್ನೇ ಅಮ್ಮ.”

“ಮೈ ತುಂಬ ನಮ್ಮನೆ ಲೋಟದ ಗುರುತು ಇದೆ. ಕೊಪ್ಪ ಪೂರಾ ನೋಡಿ ಆಯ್ತು. ಗೋಪೂಜೆ ಗುರುತು ಹಾಕಿದ ಜೀವಾನ ಹೊರಗೆ ಅಟ್ಟಿದ್ರು ಅಂತ ಹೇಳಿಸ್ಕಳೂಕೆ ನಂಗೆ ಆಗೂದಿಲ್ಲ. ಕೊಡು ಹಗ್ಗ.”

ಅಮ್ಮ ತಟ್ಟುವನ್ನು ಕೊಟ್ಟಿಗೆಯೊಳಗೆ, ಮುದಿ ಹಸುವಿನ ಪಕ್ಕದಲ್ಲಿ ಕಟ್ಟಿದಳು. ಹಸು ಒಮ್ಮೆ ಮೂಸಿ ನೋಡಿ ಹುಲ್ಲಿಗೆ ಮರಳಿತು. ಅದಕ್ಕೆ ತಳಿಯ ಪ್ರಶ್ನೆ ಹೊಳೆದಂತೆ ಕಾಣಲಿಲ್ಲ.

ಎಷ್ಟೋ ದಿನದ ಮೇಲೆ ಅಮ್ಮನನ್ನು ಕೇಳಿದೆ, ಅವತ್ತು ಕಳಿಸುವ ಮನಸ್ಸಿದ್ದವಳು ಉಂಗುರ ಯಾಕೆ ಒತ್ತಿದೆ ಎಂದು.

“ದೀಪಾವಳಿಗೆ ಕಲಸಿದ ಜೇಡಿ ಉಳಿದಿತ್ತು, ದಂಡ ಮಾಡೂದು ಯಾಕೆ ಅಂತ” ಎಂದಳು.

ಪ್ರದರ್ಶನ ನಡೆದದ್ದು ದೀಪಾವಳಿ ಕಳೆದು ಮೂರು ತಿಂಗಳಿಗೆ. ಕಲಸಿದ ಜೇಡಿ ನಮ್ಮ ಮನೆಯಲ್ಲಿ ಮೂರು ದಿನ ಉಳಿದದ್ದನ್ನು ನಾನು ಕಂಡಿಲ್ಲ.