ಅಳಿಸಿದ ಮೆಸೇಜು, ಉಳಿದ ಬೈಗುಳ

ಗೆಳೆಯರೇ, ಹುಣಸಗಿ ಕಡೆಯ ನಮ್ಮೂರಿನ ಕಾಲುವೆ ನೀರಿನ ವಾಟ್ಸಾಪ್ ಗುಂಪಿಗೆ ನಾನೇ ಅಡ್ಮಿನ್. ಇವತ್ತು ಬೆಳಿಗ್ಗೆ ಬಸಣ್ಣ ಮಾವ ಅದರಲ್ಲಿ, ‘ನನ್ನ ಗದ್ದಿ ತೂಬು ಮುಚ್ಚಿದಾಂವ ಬಾಜೂ ಹೊಲದ ಶರಣಪ್ಪ’ ಎಂದು ಬರೆದರು. ಅರ್ಧ ತಾಸಿನಲ್ಲಿ ಇಡೀ ಊರು ಶರಣಪ್ಪನನ್ನು ಬೈದಿತು. ಆಮೇಲೆ ಮಾವ ಸದ್ದಿಲ್ಲದೆ ತಮ್ಮ ಮೆಸೇಜು ಅಳಿಸಿದರು. ಬೈಗುಳ ಮಾತ್ರ ಹಾಗೇ ಉಳಿದವು.

ಶರಣಪ್ಪ ಸೀದಾ ನಮ್ಮ ಮನೆಗೆ ಬಂದ. ‘ಮುಗೀತಲ್ಲ ತಮ್ಮಾ, ಇನ್ನ ಯಾರೂ ಬರೀದಂಗ ಗುಂಪು ಬಂದ್ ಮಾಡ್ತೀನಿ’ ಎಂದೆ.

‘ನಿಮಗ ಮುಗದೈತಿ, ನನಗ ಮುಗದಿಲ್ಲರಿ. ಊರಾಗ ಕಟ್ಟಿ ಮ್ಯಾಲ ಬೈದಾಂವ ಅದೇ ಕಟ್ಟಿ ಮ್ಯಾಲ ತಪ್ಪಾತು ಅಂತಾನಿಲ್ಲರಿ? ಮಾವ ಅದೇ ಗುಂಪಿನ್ಯಾಗ ಬರೀಲಿ. ಆಮ್ಯಾಲ ಬಂದ್ ಮಾಡ್ರಿ.’

ಮಾತು ಸರಿಯಿತ್ತು. ಮಾವನಿಗೆ ಫೋನು ಹಚ್ಚಿದೆ. ಬಹಳ ಹೊತ್ತು ಗೊಣಗಿ ಕಡೆಗೆ ಬರೆದರು: ‘ಶರಣಪ್ಪಂದು ತಪ್ಪಿಲ್ಲ. ಮುಚ್ಚಿದಾಂವ ನಮ್ಮ ಅಳಿಯ. ನೀರು ಸುಮ್ಮ ಹರದು ಹಾಳಾಗಾಕತ್ತದ ಅಂತ ತಿಳದಾನ.’

ಊರು ಬೈಗುಳ ಬಿಟ್ಟು ನಗಲು ಶುರುಮಾಡಿತು. ಆಗ ಬಂದ್ ಮಾಡಿದೆ.

ಈಗ ಆ ಅಳಿಯ ನನಗೊಬ್ಬನಿಗೇ ಬರೆದಿದ್ದಾನೆ: ‘ಅಣ್ಣಾರ, ಮಾವ ಬರದದ್ದು ಅಳಸ್ರಿ.’

ಅಳಿಸುವುದಿಲ್ಲ. ಅಳಿಯಂದಿರು ಹೇಗೂ ಸಿಟ್ಟಾಗುತ್ತಾರೆ. ಈ ಸಲ ಒಂದು ಕಾರಣವಾದರೂ ಇರಲಿ.