ಬೆನ್ನಿಗೆ ಬರೀ ಹಗ್ಗ

ಇದನ್ನು ಹೇಳುವುದನ್ನು ನಾನು ತುಂಬ ವರ್ಷ ಮುಂದೂಡಿದ್ದೇನೆ. ಅಪ್ಪ ಇದ್ದಾಗ ಅಪ್ಪನ ಹೆದರಿಕೆ. ಆಮೇಲೆ ನೌಕರಿ, ಮರ್ಯಾದೆ. ನಿವೃತ್ತನಾದ ಮೇಲೆ, ಹಳೆಯದನ್ನು ಈಗ ಯಾಕೆ ಕೆದಕಬೇಕು ಎಂಬ ನೆಪ. ಹೋದ ಬೇಸಿಗೆಯಲ್ಲಿ ನನ್ನ ಮೊಮ್ಮಗಳು ಬಾವಿಯ ಮೆಟ್ಟಿಲ ಮೇಲೆ ತಲೆ ಒರೆಸಿಕೊಳ್ಳುತ್ತ ಒಂದು ಪ್ರಶ್ನೆ ಕೇಳಿದಳು. ಅದಕ್ಕೆ ನಿಜವಾದ ಉತ್ತರವನ್ನು ನಾನು ಅಲ್ಲಿ ಕೊಡಲಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನನಗೆ ಅನ್ನ ಕೊಟ್ಟದ್ದು ನೀರು. ಈಜಿನಲ್ಲಿ ರಾಜ್ಯಕ್ಕೇ ಮೊದಲಿಗನಾದೆ. ಆ ಪದಕ ನೋಡಿ ಸರ್ಕಾರದವರು ನೌಕರಿ ಕೊಟ್ಟರು. ನೌಕರಿಯಲ್ಲಿದ್ದಾಗಲೂ ಇಲಾಖೆಯ ಪರವಾಗಿ ಊರೂರು ಸುತ್ತಿ ಈಜಿ ಗೆದ್ದೆ. ತಮಿಳು ಸೀಮೆಗೆ ಸೇರಿದರೂ ಕನ್ನಡವನ್ನೇ ಆಡುವ ನಮ್ಮ ತಾಳವಾಡಿ ಬೆಟ್ಟದ ಮೇಲೆ ಹುಟ್ಟಿ ರಾಗಿ, ಜೋಳದ ಹೊಲದಲ್ಲಿ ಬೆಳೆದವನಿಗೆ ಇದು ಸಣ್ಣದಲ್ಲ.

ಈಜು ಕಲಿತದ್ದು ಪಣಕಹಳ್ಳಿಯ ಹತ್ತಿರದ ನಮ್ಮ ಹೊಲದ ಬಾವಿಯಲ್ಲಿ. ನಾಲ್ಕು ಮನೆಗೆ ಸೇರಿದ ಕಲ್ಲುಕಟ್ಟಿನ ಬಾವಿ, ಕುಡಿಯುವುದಕ್ಕೂ ಅದೇ ನೀರು. ಅಕ್ಕ ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ಒಣಗಿದ ಕತ್ತಾಳೆ ದಿಂಡನ್ನು ಕಡಿದು, ಆ ಬೆಂಡನ್ನು ನನ್ನ ಬೆನ್ನಿಗೆ ಹಗ್ಗದಲ್ಲಿ ಬಿಗಿಯುತ್ತಿದ್ದಳು. ಬೆಂಡು ತೇಲುತ್ತದೆ, ಅದರ ಜೊತೆ ಹುಡುಗನೂ ತೇಲುತ್ತಾನೆ. ನಮ್ಮ ಕಡೆ ಎಲ್ಲರೂ ಹಾಗೇ ಕಲಿತವರು. ಆಮೇಲೆ ಮೆಟ್ಟಿಲ ಮೇಲೆ ಕೂತು ಬೈಯುತ್ತಿದ್ದಳು.

"ಕಾಲ್ ಒದಿಲಾ! ಎಮ್ಮ ಬಿದ್ಕಂಡಂಗ ಬಿದ್ಕಂಡಿದ್ದಿಯಲ್ಲ!"

"ನಾ ನೀರ್ ಕುಡ್ದ್‌ಬುಟ್ಟಿ ಕಣಕ್ಕ!"

"ಕುಡಿ. ಬಾವಿ ಬತ್ತೋಗದಿಲ್ಲ."

ದಿನಾ ನನಗೆ ಗೊತ್ತಾಗದ ಹಾಗೆ ಬೆಂಡನ್ನು ಬೆರಳಗಲ ಕೊಯ್ಯುತ್ತಿದ್ದಳಂತೆ. ಒಂದು ದಿನ ಆಚೆ ದಡ ಮುಟ್ಟಿ ಹಿಂದಕ್ಕೆ ಕೈ ಹಾಕಿದರೆ ಬೆನ್ನಿನಲ್ಲಿ ಬೆಂಡೇ ಇರಲಿಲ್ಲ, ಬರೀ ಹಗ್ಗ ಇತ್ತು. ಅಕ್ಕ ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳು ನನಗಿಂತ ಚೆನ್ನಾಗಿ ಈಜುತ್ತಿದ್ದಳು. ಬಾವಿಗೆ ಬಿದ್ದ ಬಿಂದಿಗೆಯನ್ನು ಒಂದೇ ಉಸಿರಿಗೆ ತಳದಿಂದ ತರುತ್ತಿದ್ದಳು. ಈಜು ಬೇಡ ಎಂದು ಅವಳಿಗೆ ಆಗ ಯಾರೂ ಅಂದಿರಲಿಲ್ಲ. ಬೇಡ ಅನ್ನುವ ಹಾಗೆ ಮಾಡಿದವನು ನಾನು.

ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ನನ್ನನ್ನು ಕೊಯಮತ್ತೂರಿನ ಪಂದ್ಯಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದರು. ಅಪ್ಪ ಅರೆಮನಸ್ಸಿನಲ್ಲಿ ಒಪ್ಪಿದ್ದರು. ಒಬ್ಬನೇ ಬಾವಿಗೆ ಇಳಿದರೆ ಪಂದ್ಯವೂ ಇಲ್ಲ, ಗಿಂದ್ಯವೂ ಇಲ್ಲ ಎಂಬುದು ಅವರ ಕಟ್ಟಪ್ಪಣೆ. ನಾನು ಒಬ್ಬನೇ ಇಳಿದೆ. ತಳ ಮುಟ್ಟಲು ಹೋದಾಗ ಕಾಲು ಕಲ್ಲಿನ ಸಂದಿಗೆ ಸಿಕ್ಕಿಕೊಂಡಿತು. ಎಳೆದಷ್ಟೂ ಬಿಗಿಯಾಯಿತು. ಕಣ್ಣು ಕತ್ತಲೆ ಬಂದದ್ದು ನೆನಪಿದೆ. ಯಾರೋ ಕಾಲು ತಿರುಚಿ ಬಿಡಿಸಿದ್ದು, ಕೂದಲು ಹಿಡಿದು ಎಳೆದದ್ದು ನೆನಪಿದೆ.

ಅಕ್ಕ ಆಗ ಹೊರಗಾಗಿ, ಬಾವಿಗೆ ಎದುರಿನ ಹೊಂಗೆ ಮರದಡಿಯ ಗುಡಿಸಲಲ್ಲಿ ಕೂತಿದ್ದಳು. ಆ ಮೂರು ದಿನ ಹೆಣ್ಣುಮಕ್ಕಳು ಮನೆಯೊಳಕ್ಕೆ ಬರುವ ಹಾಗಿಲ್ಲ. ಬಾವಿಯನ್ನಂತೂ ಮುಟ್ಟುವ ಹಾಗೇ ಇಲ್ಲ. ದಡದಲ್ಲಿ ನನ್ನ ಅಂಗಿ ಕಂಡು, ನಾನು ಕಾಣದೆ, ಉಟ್ಟ ಬಟ್ಟೆಯಲ್ಲೇ ಹಾರಿದ್ದಳು.

ನಾವಿಬ್ಬರೂ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಿರುವಾಗ ಅಪ್ಪ ಬಂದರು. ಅವರ ಹಿಂದೆ ಬಾವಿಯ ಪಾಲುದಾರರಿಬ್ಬರು.

"ಏನ್ಲಾ ಇದು? ಇವ್ಳ್ಯಾಕ್ಲಾ ನೀರ್ಗಿಳುದ್ಲು?"

ನಾನು ನಿಜ ಹೇಳಿದ್ದರೆ ಜೀವ ಉಳಿಸಲು ಇಳಿದಳು ಎಂದು ಹಿರಿಯರು ಒಪ್ಪುತ್ತಿದ್ದರು. ಅರಿಸಿನದ ನೀರು ಚಿಮುಕಿಸಿ ಮುಗಿಸುತ್ತಿದ್ದರು. ಆದರೆ ನನ್ನ ಪಂದ್ಯ ಹೋಗುತ್ತಿತ್ತು. ನಾನು ಹೇಳಿದೆ:

"ಸೆಕ ಅಂತ ಅಕ್ಕ್ನೇ ಇಳುದ್ಲು. ನಾ ಬ್ಯಾಡ ಅಂದಿ, ಕೇಳ್ನಿಲ್ಲ. ಎಳಿಯಾಕ ಹೋಗಿ ನಾನೂ ಬಿದ್ದಿ."

ಅಕ್ಕ ನನ್ನ ಮುಖ ನೋಡಿದಳು. ಇಲ್ಲ ಅನ್ನುತ್ತಾಳೆ ಎಂದುಕೊಂಡೆ. ಅನ್ನಲಿಲ್ಲ. ಪಂದ್ಯದ ಸಂಗತಿ ಅವಳಿಗೂ ಗೊತ್ತಿತ್ತು.

ಅಪ್ಪ ಅವಳನ್ನು ಮುಟ್ಟುವ ಹಾಗಿರಲಿಲ್ಲ. ಅದಕ್ಕೇ ದೂರ ನಿಂತು ಹುಣಸೆ ಬರಲಿನಲ್ಲಿ ಹೊಡೆದರು. ಪಾಲುದಾರರು ಎಂಜಿನ್ ಹಚ್ಚಿ ಬಾವಿಯನ್ನು ತಳ ಕಾಣುವ ತನಕ ಬರಿದು ಮಾಡಿಸಿದರು. ಹೊಸ ನೀರು ಊರಿದ ಮೇಲೆ ಪೂಜೆಯಾಯಿತು. ಅಷ್ಟು ದಿನವೂ ನಾಲ್ಕು ಮನೆಯ ಹೆಂಗಸರು ದೂರದಿಂದ ನೀರು ಹೊತ್ತು, ದಾರಿಯುದ್ದಕ್ಕೂ ಅವಳನ್ನು ಬೈದರು. ಕೊಬ್ಬಿದ ಹುಡುಗಿ ಎಂಬ ಹೆಸರು ಬಂತು. ಬಂದ ಮೊದಲ ಗಂಡಿಗೇ ಅವಳನ್ನು ಜೀರಹಳ್ಳಿಗೆ ಕೊಟ್ಟುಬಿಟ್ಟರು. ಅವಳು ಮತ್ತೆ ನೀರಿಗೆ ಇಳಿಯಲಿಲ್ಲ.

ನಾನು ಘಾಟಿ ಇಳಿದು ಕೊಯಮತ್ತೂರಿಗೆ ಹೋದೆ.

ಈಜುಕೊಳ ಎಂಬುದನ್ನು ನೋಡಿದ್ದು ಅಲ್ಲೇ. ನೀರಿನ ತಳ ಕಾಣುತ್ತಿತ್ತು, ಕಣ್ಣು ಉರಿಯುತ್ತಿತ್ತು. ಮೊದಲ ಪಂದ್ಯದಲ್ಲಿ ಎಲ್ಲರಿಗಿಂತ ಮುಂದೆ ಹೋಗಿ ಆಚೆ ಗೋಡೆ ಮುಟ್ಟಿ ನಿಂತು ಮೆಟ್ಟಿಲು ಹುಡುಕಿದೆ! ಬಾವಿಯಲ್ಲಿ ಕಲಿತವನು ಇನ್ನೇನು ಮಾಡುತ್ತಾನೆ? ಉಳಿದವರು ಗೋಡೆ ಒದ್ದು ತಿರುಗಿ ಹೋಗಿಯೇಬಿಟ್ಟರು. "ಡೇಯ್, ಇದು ಕಿಣರು ಇಲ್ಲಡಾ," ಇದು ಬಾವಿಯಲ್ಲವೋ ಎಂದು ಅಲ್ಲಿನ ತರಬೇತುದಾರರು ತಮಿಳಿನಲ್ಲಿ ಕೂಗಿದ್ದಕ್ಕೆ ಕೊಳದ ಸುತ್ತ ಇದ್ದವರೆಲ್ಲ ನಕ್ಕರು. ನಾನು ಸೋತೆ. ಆದರೆ ಆ ಪುಣ್ಯಾತ್ಮ ಸಂಜೆ ನನ್ನನ್ನು ಕರೆದು, "ನಿನ್ನ ಕಾಲೊದೆತ ಎಲ್ಲಿ ಕಲಿತದ್ದು?" ಎಂದು ಕೇಳಿದರು. ಹಾಸ್ಟೆಲಿಗೆ ಸೇರಿಸಿ ತಮ್ಮ ಕೈಕೆಳಗೆ ಇಟ್ಟುಕೊಂಡರು, ಗೋಡೆ ಒದ್ದು ತಿರುಗುವುದನ್ನು ಕಲಿಸಿದರು. ಅವರನ್ನು ದಿನಾ ನೆನೆಯುತ್ತೇನೆ. ತಮ್ಮ ಮಗನ ಚಡ್ಡಿಯನ್ನೇ ನನಗೆ ಕೊಟ್ಟ ಡ್ರಿಲ್ ಮೇಷ್ಟ್ರನ್ನೂ, ಗೆದ್ದು ಬಂದ ದಿನ ಎರಡು ಮುದ್ದೆಯಷ್ಟು ಅನ್ನ ಹೆಚ್ಚಿಗೆ ಬಡಿಸುತ್ತಿದ್ದ ಹಾಸ್ಟೆಲಿನ ಅಡುಗೆಯವರನ್ನೂ ನೆನೆಯುತ್ತೇನೆ. ನನ್ನ ಪಾಲಿಗೆ ಒಳ್ಳೆಯವರು ಎಷ್ಟೊಂದು ಜನ ಬಂದರು.

ಕಾಲೊದೆತ ಎಲ್ಲಿ ಕಲಿತದ್ದು ಎಂಬ ಮಾತಿಗೆ ಆ ಸಂಜೆ ನಾನು "ನಾನೇ ಕಲಿತೆ ಸಾರ್" ಎಂದಿದ್ದೆ. ಅಕ್ಕನ ಹೆಸರೆತ್ತಿದರೆ ಬಾವಿಯ ಕತೆಯೂ ಬರಬೇಕಾಗುತ್ತಿತ್ತು. ಒಂದು ಸಲ ಹೇಳಿದ್ದು ಆಮೇಲೆ ಅಭ್ಯಾಸವಾಯಿತು. ರಾಜ್ಯಕ್ಕೆ ಮೊದಲಿಗನಾಗಿ ಬಂದಾಗ ಊರಿನವರು ಶಾಲೆಯಲ್ಲಿ ಸನ್ಮಾನ ಮಾಡಿದರು. ಮೈಕಿನ ಮುಂದೆ, "ನನಗೆ ಯಾರೂ ಕಲಿಸಲಿಲ್ಲ, ಬಾವಿಯೇ ನನ್ನ ಗುರು" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಂಗಸರ ಸಾಲಿನಲ್ಲಿ ಕಂಕುಳಲ್ಲಿ ಮಗು ಎತ್ತಿಕೊಂಡಿದ್ದ ಅಕ್ಕ, ಮಗುವಿನ ಕೈ ಹಿಡಿದು ಅದರ ಕೈಯಲ್ಲೂ ತಟ್ಟಿಸಿದಳು. ಮುಗಿದ ಮೇಲೆ ಹತ್ತಿರ ಬಂದು ನನ್ನ ತೋಳು ಹಿಚುಕಿ, "ಸಣ್ಗಾಗ್‌ಬುಟ್ಟಿದ್ದೀಯಲ್ಲಾ, ಅಲ್ಲಿ ಉಣ್ಣಕ್ಕಿಕ್ಕದಿಲ್ವಾ?" ಎಂದಳು. ಆಗಲೇ ಅವಳ ಕಾಲಿಗೆ ಬೀಳಬೇಕಿತ್ತು. ಕುತ್ತಿಗೆಯಲ್ಲಿ ಹಾರ ಇತ್ತು, ಬಗ್ಗಲಿಲ್ಲ.

ಹೋದ ಬೇಸಿಗೆ ರಜೆಗೆ ಬಂದ ಮೊಮ್ಮಗಳು ಬಾವಿಯಲ್ಲೇ ಈಜು ಕಲಿಯಬೇಕೆಂದು ಹಟ ಹಿಡಿದಳು. ನನ್ನ ಮೊಣಕಾಲು ಈಗ ಮೆಟ್ಟಿಲಿಗೆ ಆಗುವುದಿಲ್ಲ. ಅಕ್ಕನಿಗೆ ಫೋನು ಮಾಡಿದೆ. ಎಪ್ಪತ್ತು ದಾಟಿದವಳು ಬಸ್ಸು ಹಿಡಿದು ಬಂದಳು. ಅಷ್ಟು ವರ್ಷದ ಮೇಲೆ ಆ ಬಾವಿಯ ಹತ್ತಿರ ಬಂದದ್ದು. ಒಂದು ಗಳಿಗೆ ನೀರು ನೋಡಿ ನಿಂತು, ಮೆಟ್ಟಿಲಿಳಿದಳು. ನಾನು ತೇಲಲು ಪ್ಲಾಸ್ಟಿಕ್ ಕ್ಯಾನು ಇಟ್ಟಿದ್ದೆ.

"ಇದ ಕಟ್ಟುದ್ರ ಜೀವ್ಮಾನ್ವೆಲ್ಲ ಕ್ಯಾನ್ ಹೊತ್ಕಂಡೆ ಈಜ್ತದ ಕೂಸು. ಕೊಯ್ಯಾಕಾದದ? ಹೋಗು, ಕತ್ತಾಳ ಬೆಂಡು ತಕ್ಕೊಂಬಾ."

ತಂದುಕೊಟ್ಟೆ. ದಿನಾ ಬೆಳಗ್ಗೆ ಮಗುವಿಗೆ ಕಾಣದ ಹಾಗೆ ಅಕ್ಕ ಬೆಂಡು ಕೊಯ್ಯುವುದನ್ನು ಮರದ ಮರೆಯಿಂದ ನೋಡಿದೆ. ಅದೇ ಬೈಗುಳ, ಅದೇ ಎಮ್ಮೆ. ವಾರ ಕಳೆಯುವುದರೊಳಗೆ ಮೊಮ್ಮಗಳು ಆಚೆ ದಡ ಮುಟ್ಟಿ ಬೆನ್ನು ತಡವಿ ಚೀರಿದಳು: "ಅಜ್ಜೀ! ಏನೂ ಇಲ್ಲ! ಬರೀ ಹಗ್ಗ!" ಅಕ್ಕ ನಕ್ಕಳು. ನಾನು ಟವೆಲು ಹಿಡಿದು ಬಾವಿಯ ದಡಕ್ಕೆ ಬಂದೆ.

ತಲೆ ಒರೆಸಿಕೊಳ್ಳುತ್ತ ಮೊಮ್ಮಗಳು ಕೇಳಿದಳು: "ತಾತ, ನಿಮಗೆ ಯಾರು ಕಲಿಸಿದ್ದು?"

ನಾನು ಬಾಯಿ ತೆರೆಯುವುದರೊಳಗೆ ಅಕ್ಕನೇ ಹೇಳಿದಳು, "ಅವುನ್ಗ ಯಾರೂ ಕಲಿಸ್ನಿಲ್ಲ ಕಣವ್ವ. ಬಾವಿನೇ ಗುರು."

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ನನ್ನ ಮಾತನ್ನು ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದಳು, ಮಗುವಿನ ಮುಂದೆ ನನ್ನ ಮಾನ ಉಳಿಸಲು ತೆಗೆದಳು. ಎರಡನೆಯ ಸಲ ನನ್ನನ್ನು ನೀರಿನಿಂದ ಎಳೆದಳು. ನಾನು ಎರಡನೆಯ ಸಲವೂ ನಿಜ ಹೇಳಲಿಲ್ಲ. ಸಂಜೆಯ ಬಸ್ಸಿಗೆ ಅವಳು ಹೊರಟುಹೋದಳು.

ಅಕ್ಕನಿಗೆ ಓದು ಬಾರದು. ಮೊಮ್ಮಗಳನ್ನು ಜೀರಹಳ್ಳಿಗೆ ಕರೆದುಕೊಂಡು ಹೋಗಿ ಅವಳಿಂದಲೇ ಇದನ್ನು ಗಟ್ಟಿಯಾಗಿ ಓದಿಸುತ್ತೇನೆ, ನಾನು ಎದುರಿಗೆ ಕೂತಿರುತ್ತೇನೆ. ಕೂಸೇ, ನೀನು ಕೇಳಿದ್ದಕ್ಕೆ ಉತ್ತರ ಇದು. ನನಗೆ ಈಜು ಕಲಿಸಿದವಳು, ನನ್ನನ್ನು ತಳದಿಂದ ಎತ್ತಿದವಳು, ನನ್ನ ಸುಳ್ಳಿಗೆ ಹೊಡೆತ ತಿಂದವಳು, ತಪ್ಪಾಯಿತು ಎಂಬ ಒಂದು ಮಾತನ್ನೂ ಇವತ್ತಿನವರೆಗೆ ನನ್ನಿಂದ ಕೇಳದವಳು, ಈಗ ನಿನ್ನ ಎದುರಿಗೇ ಕೂತು ಕೇಳುತ್ತಿದ್ದಾಳೆ. ನನ್ನ ಅಕ್ಕ.