ಮೊದಲು ಉಂಡ ಅಕ್ಕ

ನಮ್ಮ ಕಡೆ ಹೆಣ್ಣುಮಗಳೊಬ್ಬಳು ದಪ್ಪಗಾದರೆ ಯಾರೂ ದಪ್ಪ ಅನ್ನುವುದಿಲ್ಲ. ‘ಮೈಕೈ ತುಂಬ್ಕೊಂಡವ್ಳೆ’ ಅನ್ನುತ್ತಾರೆ. ಗಂಡನ ಮನೆಯವರು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ, ಕೊಟ್ಟಿಗೆಯಲ್ಲಿ ಹಾಲಿದೆ, ಮನೆಯಲ್ಲಿ ರಾಗಿಯಿದೆ ಅಂತೆಲ್ಲ ಅದಕ್ಕೆ ಅರ್ಥ. ಸಣ್ಣಗಾದರೆ ಮಾತ್ರ ‘ಸೊರಗೋದ್ಳು’ ಅಂತ ಊರೆಲ್ಲ ಮರುಗುತ್ತದೆ. ಈ ಎರಡು ಮಾತಿನ ನಡುವೆ ಸಿಕ್ಕಿಕೊಂಡು ನನ್ನ ಅಕ್ಕ ಪಟ್ಟ ಪಾಡನ್ನು ನಾನು ಕಣ್ಣಾರೆ ಕಂಡವನು. ಅವಳ ಗಟ್ಟಿತನ ನೆನೆದರೆ ಇವತ್ತಿಗೂ ಹೆಮ್ಮೆಯಾಗುತ್ತದೆ. ಊರವರ ಬಾಯಿ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಅಕ್ಕನನ್ನು ಕೊಟ್ಟಿರುವುದು ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಮಾಕವಳ್ಳಿ ಕಡೆಯ ಒಂದು ಹಳ್ಳಿಗೆ. ಕಬ್ಬಿನ ಗದ್ದೆ, ಕರೆಯುವ ಹಸುಗಳು, ತುಂಬಿದ ಮನೆ. ನಾನಿರುವುದು ಪಾಂಡವಪುರದಲ್ಲಿ, ರಜೆ ಸಿಕ್ಕರೆ ಸಾಕು, ಬಸ್ಸು ಹತ್ತಿ ಅವಳ ಮನೆಗೆ ಹೋಗಿಬಿಡುತ್ತೇನೆ. ಒಮ್ಮೆ ಯಾರದೋ ತಿಥಿ ಊಟ ಉಂಡು ಬಂದವಳಿಗೆ ಹೊಟ್ಟೆನೋವು ಶುರುವಾಗಿ, ವಾಂತಿಯಾಗಿ, ಪೇಟೆಯ ಆಸ್ಪತ್ರೆಯಿಂದ ಮೈಸೂರಿಗೆ ಕರೆದುಕೊಂಡು ಹೋಗಬೇಕಾಯಿತು. ಹೊಕ್ಕುಳ ಹತ್ತಿರ ಹರ್ನಿಯಾ ಆಗಿತ್ತು. ಹೊಟ್ಟೆಯ ಪದರ ಬಿಟ್ಟುಕೊಂಡು ಕರುಳು ಹೊರಕ್ಕೆ ಉಬ್ಬುತ್ತಿತ್ತು. ಎಷ್ಟೋ ದಿನದಿಂದ ಇತ್ತಂತೆ, ಸೀರೆಯೊಳಗೆ ಮುಚ್ಚಿಟ್ಟುಕೊಂಡು ಓಡಾಡಿದ್ದಳು ಮಹಾತಾಯಿ.

ಡಾಕ್ಟರಮ್ಮ ಆವತ್ತಿನ ಮಟ್ಟಿಗೆ ಅದನ್ನು ಒಳಕ್ಕೆ ಸರಿಸಿ, ಮುಚ್ಚುಮರೆಯಿಲ್ಲದೆ ಹೇಳಿದರು. ಈ ತೂಕದಲ್ಲಿ ಅರಿವಳಿಕೆ ಕೊಡುವುದೂ ಕಷ್ಟ, ಹಾಕಿದ ಹೊಲಿಗೆ ನಿಲ್ಲುವುದೂ ಕಷ್ಟ, ಮೊದಲು ತೂಕ ಇಳಿಯಬೇಕು. ಇಳಿಸದೆ ಹಾಗೇ ಬಿಟ್ಟರೆ ಇನ್ನೊಂದು ಸಲ ಕರುಳು ಸಿಕ್ಕಿಕೊಂಡಾಗ ಜೀವಕ್ಕೇ ಕುತ್ತು. ಭಾವ ಅಲ್ಲೇ ‘ತಿಂದು ತಿಂದು ಹಿಂಗ್ ಮಾಡ್ಕಂಡ್ಳು’ ಅಂತ ಶುರುಮಾಡಿದರು. ಡಾಕ್ಟರಮ್ಮ ಅವರ ಬಾಯಿ ಮುಚ್ಚಿಸಿದರು. ಬರೀ ತಿನ್ನುವುದರಿಂದ ಹೀಗಾಗಿಲ್ಲ ಎಂದರು. ಥೈರಾಯ್ಡ್ ಮಂದವಾಗಿದೆ, ಹೆರಿಗೆಗಳಾಗಿವೆ, ಕೋಳಿ ಕೂಗುವ ಮುಂಚೆ ಹಾಲು ಕರೆಯಲು ಏಳುವುದರಿಂದ ನಿದ್ದೆಯಿಲ್ಲ, ವಯಸ್ಸೂ ಸೇರಿಕೊಂಡಿದೆ.

ಅವರು ಹೇಳದ ಇನ್ನೊಂದು ಕಾರಣ ನನಗೆ ಗೊತ್ತಿತ್ತು. ಅಕ್ಕ ಹೊಸದಾಗಿ ಮದುವೆಯಾಗಿ ಹೋದಾಗ ಬೆನ್ನು ಬಗ್ಗಿಸಿ ನಾಟಿ ಹಾಕುತ್ತಿದ್ದಳು, ತಲೆ ಮೇಲೆ ಹುಲ್ಲು ಹೊರುತ್ತಿದ್ದಳು. ಈಗ ಉಳುವುದಕ್ಕೆ ಟ್ರಾಕ್ಟರು, ಹಾಲು ಕರೆಯುವುದಕ್ಕೆ ಮಿಷನ್ನು, ಡೇರಿಗೆ ಹೋಗುವುದಕ್ಕೆ ಸ್ಕೂಟರು. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಅನ್ನುತ್ತಾರೆ. ಬೆಟ್ಟ ಕೀಳುವುದಕ್ಕೆ ಈಗ ಜೆಸಿಬಿ ಬಂದಿದೆ, ತಟ್ಟೆಯ ಮೇಲಿನ ಮುದ್ದೆ ಮಾತ್ರ ಅಂದಿನಷ್ಟೇ ಇದೆ. ಅದರ ಜೊತೆಗೆ ಹೊತ್ತುಹೊತ್ತಿಗೆ ಸಕ್ಕರೆ ಸುರಿದ ಟೀ, ಬೇಕರಿಯ ಬನ್ನು.

ದಿನಕ್ಕೆ ಏನೇನು ಉಣ್ಣುತ್ತೀರಿ ಅಂತ ಡಾಕ್ಟರಮ್ಮ ಕೇಳಿದಾಗ ಅಕ್ಕ, ಹೊತ್ತಿಗೊಂದು ಮುದ್ದೆ, ಮೇಲೊಂದು ತುತ್ತು ಅನ್ನ, ಅಷ್ಟೇ ಅಂದಳು. ಅವರು ನಂಬಲಿಲ್ಲ. ಸತ್ಯ ಹೇಳಬೇಕೆಂದರೆ ನಾನೂ ನಂಬಲಿಲ್ಲ. ವಾಪಸ್ಸು ಬರುವಾಗ ಬಸ್ಸಿನಲ್ಲಿ, ಹಾಗಾದರೆ ಎಲ್ಲರೂ ಉಂಡು ಎದ್ದ ಮೇಲೆ ಉಳಿದದ್ದನ್ನು ಯಾರು ತಿನ್ನುತ್ತಾರೆ ಅಂತ ರೇಗಿಸಿದೆ. ಅವಳು ನಿಜಕ್ಕೂ ಆಶ್ಚರ್ಯಪಟ್ಟು ನನ್ನ ಮುಖ ನೋಡಿದಳು.

‘ಪಾತ್ರೆ ಬಳಿಯೋದೂ ಊಟ್ವೇನ್ಲಾ?’

ಅವಳು ಸುಳ್ಳು ಹೇಳಿರಲಿಲ್ಲ. ನಮ್ಮ ಹೆಂಗಸರ ಲೆಕ್ಕದಲ್ಲಿ ಅದು ಊಟವೇ ಅಲ್ಲ. ಗಂಡಸರು, ಮಕ್ಕಳು, ಅತ್ತೆ ಎಲ್ಲರದೂ ಆದ ಮೇಲೆ ಕೊನೆಗೆ ಕೂರುತ್ತಾರೆ. ತಳದಲ್ಲಿ ಉಳಿದ ಅನ್ನ, ಮಕ್ಕಳು ಬಿಟ್ಟ ಅರ್ಧ ಮುದ್ದೆ, ಮಿಕ್ಕ ಸಾರು ಎಲ್ಲವನ್ನೂ ಖಾಲಿ ಮಾಡಿ ಏಳುತ್ತಾರೆ. ಅನ್ನ ಚೆಲ್ಲಿದರೆ ಪಾಪ. ಆ ಪಾಪಕ್ಕೆ ಹೆದರಿ ಹೊಟ್ಟೆಗೆ ಹಾಕಿಕೊಂಡದ್ದು ಯಾವ ಡಾಕ್ಟರು ಕೇಳಿದರೂ ಬಾಯಿಗೆ ಬರುವುದಿಲ್ಲ.

ಮಾರನೆಯ ದಿನ ಮಧ್ಯಾಹ್ನ ನಾನು ಅವಳ ಮನೆಯಲ್ಲೇ ಇದ್ದೆ. ಮುದ್ದೆ ಕಟ್ಟಿ ಮುಗಿಸಿದವಳು ತನ್ನ ತಟ್ಟೆಗೆ ಅರ್ಧ ಮುದ್ದೆ ಮುರಿದು ಹಾಕಿಕೊಂಡಳು, ಅದರ ಎರಡರಷ್ಟು ಬಸ್ಸಾರಿನ ಸೊಪ್ಪು ಕಾಳು ಬಡಿಸಿಕೊಂಡಳು, ಎಲ್ಲರಿಗಿಂತ ಮೊದಲು ಉಣ್ಣುವುದಕ್ಕೆ ಕೂತಳು. ಭಾವ ಇನ್ನೂ ಕೈಕಾಲು ತೊಳೆದಿರಲಿಲ್ಲ. ಅವಳ ಅತ್ತೆ ಬಾಗಿಲಲ್ಲಿ ನಿಂತು, ಗಂಡ ಉಣ್ಣುವ ಮುಂಚೆ ಉಂಡವಳನ್ನು ಈ ಮನೆ ಕಂಡಿಲ್ಲ, ಮಿಕ್ಕಿದ್ದಕ್ಕೆ ಏನು ಗತಿ ಅಂತ ಗೊಣಗಿದರು.

‘ಮಿಕ್ಕಿದ್ರೆ ದನಕ್ಕಾಕವ ಕಣತ್ತೆ. ನನ್ನೊಟ್ಟೆ ಏನ್ ಮುಸ್ರೆ ಬಾನಿಯಾ?’

ಇಷ್ಟು ಹೇಳಿ ಅಕ್ಕ ಸೊಪ್ಪು ಅಗಿಯತೊಡಗಿದಳು. ನನಗೆ ನಗು ತಡೆಯಲಾಗದೆ ಹಿತ್ತಿಲಿಗೆ ಹೋದೆ. ಶಹಬ್ಬಾಸ್ ಅನ್ನಬೇಕೆನಿಸಿತು.

ಉಂಡ ಮೇಲೆ ಅವಳು ಅಡುಗೆಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಬಡಿಸುವ ಕೆಲಸ ಮಗಳಿಗೆ ಬಂತು, ಹಾಲಿನ ಕ್ಯಾನು ಎತ್ತುವ ಕೆಲಸ ಭಾವನಿಗೆ. ಭಾರ ಎತ್ತಬಾರದು, ಆದರೆ ನಡೆಯಬೇಕು ಅಂತ ಡಾಕ್ಟರಮ್ಮ ಹೇಳಿದ್ದರು. ನಡೆಯುವುದೇನು ಸುಲಭವೇ? ನಮ್ಮ ಹಳ್ಳಿಗಳಲ್ಲಿ ಕೆಲಸವಿಲ್ಲದೆ ಯಾರೂ ನಡೆಯುವುದಿಲ್ಲ. ಬರಿಗೈಯಲ್ಲಿ ನಾಲೆ ಏರಿಯ ಮೇಲೆ ಹೆಂಗಸು ಹೊರಟರೆ ಹತ್ತು ಜನ ತಡೆದು ಎಲ್ಲಿಗೆ, ಯಾಕೆ, ಮನೆಯಲ್ಲಿ ಜಗಳವೇ ಅಂತ ಕೇಳುತ್ತಾರೆ. ಅಕ್ಕ ಕೈಯಲ್ಲೊಂದು ಕುಡುಗೋಲು ಹಿಡಿದು ಹೊರಟಳು. ಹುಲ್ಲಿಗೆ ಹೊರಟವಳನ್ನು ಯಾರು ಕೇಳುತ್ತಾರೆ? ದಿನಾ ಹುಲ್ಲಿಗೆ ಹೋಗಿ ಒಂದು ಕಡ್ಡಿಯೂ ತಾರದೆ ಬರುವ ಈ ಹೆಂಗಸಿನ ಜಾಣತನಕ್ಕೆ ನಾನು ಕೈಮುಗಿದೆ. ನನ್ನ ಹೆಂಡತಿ ಯಾರದೋ ಮಾತು ಕೇಳಿ ತರಿಸಿದ್ದ ತೂಕ ಇಳಿಸುವ ಪುಡಿಯ ಡಬ್ಬಿಯನ್ನು ನಾನು ಒಯ್ದುಕೊಟ್ಟಾಗ, ಅಕ್ಕ ಡಾಕ್ಟರಮ್ಮನನ್ನು ಕೇಳದೆ ಮುಟ್ಟುವುದಿಲ್ಲ ಅಂತ ಹಾಗೇ ವಾಪಸ್ಸು ಕಳಿಸಿದಳು.

ತೂಕ ಇಳಿಯುವುದಕ್ಕೆ ಅವಸರವೇನೂ ಇರಲಿಲ್ಲ. ಕೆಲವು ತಿಂಗಳು ಇಳಿಯಿತು, ಕೆಲವು ತಿಂಗಳು ಅಲ್ಲಾಡದೆ ನಿಂತಿತು. ಬಳೆ ಸಡಿಲವಾಯಿತು, ರವಿಕೆಗಳಿಗೆ ಹೊಸ ಹೊಲಿಗೆ ಬಿತ್ತು. ಅಷ್ಟರಲ್ಲಿ ಮಗಳಿಗೆ ನಾಗಮಂಗಲದ ಕಡೆ ಗಂಡು ಗೊತ್ತಾಗಿ ಮದುವೆಯೂ ಆಯಿತು. ಮದುವೆಗೆ ಬಂದ ನಮ್ಮ ನೆಂಟರೇ ಅವಳನ್ನು ನೋಡಿ ಲೊಚಗುಟ್ಟಿದರು. ಸೊರಗೋದಳು, ಒಳಗೇನೋ ತಿಂತಾ ಇದೆ ಅಂದರು. ಮಾತು ನಾಗಮಂಗಲ ತಲುಪುವ ಹೊತ್ತಿಗೆ ದೊಡ್ಡ ಕಾಯಿಲೆಯಾಗಿ, ಮುಚ್ಚಿಟ್ಟು ಮದುವೆ ಮಾಡಿದ್ದಾರೆ ಅನ್ನುವಲ್ಲಿಗೆ ಬಂದು ನಿಂತಿತ್ತು. ಇಂಥವರ ನಾಲಿಗೆಗೆ ಯಾವ ಡಾಕ್ಟರು ಮದ್ದು ಕೊಡಬೇಕೋ!

ಗಂಡಿನ ಊರಿನಲ್ಲಿ ಬೀಗರೂಟ. ಮುದ್ದೆ, ಬೋಟಿ ಗೊಜ್ಜು, ಮಟನ್ ಸಾರು. ಬೀಗರ ಎಲೆಗೆ ಬಡಿಸುವಾಗ ಬೇಡ ಅನ್ನುವಂತಿಲ್ಲ, ಬಲವಂತವೇ ಅಲ್ಲಿ ಮರ್ಯಾದೆ. ಇದೊಂದು ದಿನ ಉಂಡುಬಿಡು ಅಂತ ಭಾವ ದಾರಿಯುದ್ದಕ್ಕೂ ಬೇಡಿಕೊಂಡರು. ಅಕ್ಕ ಒಪ್ಪಲಿಲ್ಲ. ಆ ತಿಥಿಯೂ ಒಂದೇ ದಿನದ್ದಾಗಿತ್ತು ಅಂದಳು. ಮುಂದಿನ ತಿಂಗಳು ಹೋದಾಗ ಆಪರೇಷನ್ನಿಗೆ ದಿನ ಕೊಡುತ್ತೇವೆ ಅಂತ ಮೈಸೂರಿನಲ್ಲಿ ಹೇಳಿದ್ದರು. ಅವಳ ಪಾಲಿನದನ್ನೂ ನಾನೇ ಉಂಡುಬಿಡುವ ಧೈರ್ಯ ಮಾಡಿ ಪಕ್ಕದಲ್ಲೇ ಕೂತೆ. ನನ್ನ ಹೊಟ್ಟೆಯನ್ನೊಮ್ಮೆ ನೋಡಿ, ನೀನು ಸುಮ್ಮನಿರು ಅಂತ ಕಣ್ಣಲ್ಲೇ ಹೇಳಿದಳು.

ಅವಳ ಎಲೆಗೆ ದೊಡ್ಡ ಮುದ್ದೆ ಬಿತ್ತು. ಅರ್ಧ ಉಂಡಳು, ಎರಡು ತುಂಡು ಮಾಂಸ ತಿಂದಳು, ಕೈ ನಿಲ್ಲಿಸಿದಳು. ಬಡಿಸುವವರು ಬಂದರೆ ಎಲೆಗೆ ಕೈ ಅಡ್ಡ ಹಿಡಿದಳು. ಪಂಕ್ತಿಯಲ್ಲಿ ಗುಸುಗುಸು ಎದ್ದಿತು. ಗಂಡಿನ ಕಡೆಯ ಹಿರಿಯರೊಬ್ಬರು, ನಮ್ಮ ಮನೆಯ ಊಟ ಬೀಗರಿಗೆ ಸೇರಲಿಲ್ಲವೋ, ಮೈಯಲ್ಲೇ ಏನಾದರೂ ಇದೆಯೋ ಅಂತ ಎಲ್ಲರಿಗೂ ಕೇಳುವಂತೆ ಅಂದರು. ನೀರು ಬಡಿಸುತ್ತಿದ್ದ ಮಗಳು ಚೊಂಬು ಹಿಡಿದು ಅಲ್ಲೇ ನಿಂತಳು, ಕಣ್ಣು ತುಂಬಿತ್ತು. ನನಗೆ ಸಿಟ್ಟು ನೆತ್ತಿಗೇರಿ ಏಳಲು ಹೋದೆ. ಅಕ್ಕ ಎಡಗೈಯಲ್ಲಿ ನನ್ನ ಪಂಚೆ ಜಗ್ಗಿ ಕೂರಿಸಿದಳು. ಎದುರಿಗೆ ಸಾರಿನ ಸೌಟು ಹಿಡಿದು ನಿಂತಿದ್ದ ಅಳಿಯನ ತಾಯಿಯನ್ನು ನೋಡಿ, ಗಂಟಲು ತಗ್ಗಿಸದೆ ಹೇಳಿದಳು.

‘ನಿಮ್ಮೂಟ ಬ್ಯಾಡ ಅಂತ ಅಲ್ಲ ಕಣ್ರವ್ವ. ಹೊಕ್ಳು ತಾವ ಕರುಳು ಹೊರಕ್ಕೆ ಬತ್ತದೆ ನಂಗೆ. ತೂಕ ಇಳಿದ್ರೇನೇ ಆಪ್ರೇಸನ್ನು. ನಾಳೆ ನಿಮ್ ಸೊಸೆ ಬಾಣಂತನ ಮಾಡಾಕೆ ನಾನಿರ್ಬೇಕಲ್ವಾ?’

ಗಂಡಸರು ತುಂಬಿದ ಪಂಕ್ತಿಯಲ್ಲಿ ಹೆಂಗಸೊಬ್ಬಳು ತನ್ನ ಹೊಟ್ಟೆಯ ಕಾಯಿಲೆ ಹೇಳಿಕೊಂಡದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆ ಹಿರಿಯರು ತಲೆ ತಗ್ಗಿಸಿ ಮೂಳೆ ಚೀಪತೊಡಗಿದರು. ಬೀಗಿತ್ತಿ ಸೌಟನ್ನು ಬಕೆಟ್ಟಿಗೆ ಬಿಟ್ಟು, ಅಕ್ಕನ ಎಲೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. ದೊಡ್ಡ ಮೈಯವರು, ಕೂರುವುದಕ್ಕೇ ಕಷ್ಟಪಟ್ಟರು. ಅವರು ಪಿಸುಗುಟ್ಟಿದ್ದು ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿಸಿತು.

‘ನಂಗೂ ಐತೆ ಕಣವ್ವ. ಮನೇಲಿ ಯಾರ್ಗೂ ಯೋಳಿಲ್ಲ.’

ಅಕ್ಕನ ಆಪರೇಷನ್ ಆದ ದಿನ ಮೈಸೂರಿನ ಆಸ್ಪತ್ರೆಯಲ್ಲಿ ನಾವೆಲ್ಲ ಕಾಯುತ್ತಿದ್ದೆವು. ಬೀಗಿತ್ತಿಯೂ ಬೆಳಿಗ್ಗೆಯೇ ಬಂದಿದ್ದರು. ಎಲ್ಲ ಸುಸೂತ್ರವಾಯಿತು ಅಂತ ಹೇಳಲು ಹೊರಗೆ ಬಂದ ನರ್ಸು, ಎಲ್ಲರಿಗಿಂತ ಮುಂದೆ ಬಾಗಿಲಿಗೆ ಅಂಟಿಕೊಂಡು ನಿಂತಿದ್ದ ಅವರನ್ನು, ನೀವು ಪೇಷೆಂಟಿಗೆ ಏನಾಗಬೇಕು ಅಂತ ಕೇಳಿದಳು.

‘ಅವ್ರುದಾದ್ಮೇಲೆ ನಂದು ಕಣವ್ವ,’ ಅಂದರು ಬೀಗಿತ್ತಿ. ‘ಇಳಿಸ್ತಾ ಇವ್ನಿ.’